ಗದ್ದ ಸ್ವಲ್ಪ ಕೆಳಗೆ

ಬಾಯಮ್ಮನ ಬೆರಳುಗಳು ಯಾವಾಗಲೂ ತಣ್ಣಗೆ. ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ಕರೆಂಟು ಹೋಗಿ, ಉಳಿದವರೆಲ್ಲ ಬೆವರಿನಲ್ಲಿ ಅದ್ದಿ ತೆಗೆದ ಹಾಗೆ ಕುಳಿತಿರುವಾಗಲೂ, ಅವರ ಬಲಗೈಯ ಎರಡು ಬೆರಳು ಬಂದು ಗದ್ದದ ಅಡಿಗೆ ತಾಗಿದರೆ ಮಣ್ಣಿನ ಹೂಜಿ ತಾಗಿದಷ್ಟು ತಂಪು. ಫಳ್ನೀರಿನಲ್ಲಿ, ಆಸ್ಪತ್ರೆ, ಮೆಡಿಕಲ್ ಶಾಪುಗಳ ನಡುವೆ, ಹಳೆಯ ಕಟ್ಟಡವೊಂದರ ಮೆಟ್ಟಿಲಿನ ಅಡಿಯಲ್ಲಿ ಅವರ ಫೋಟೋ ಸ್ಟುಡಿಯೋ. ದುಬೈಗೆ ಹೊರಟವರು, ನರ್ಸಿಂಗ್ ಸೇರುವವರು, ರೇಷನ್ ಕಾರ್ಡಿನವರು, ಮದುವೆಗೆ ಹುಡುಗ ಹುಡುಕುವವರು, ಎಲ್ಲರೂ ಅಲ್ಲಿನ ತಿರುಗುವ ಸ್ಟೂಲಿನ ಮೇಲೆ ಕುಳಿತು ಆ ಎರಡು ಬೆರಳಿಗೆ ಗದ್ದ ಒಪ್ಪಿಸಿದವರೇ.

"ಗದ್ದ ಸ್ವಲ್ಪ ಕೆಳಗೆ. ಇನ್ನು ಸ್ವಲ್ಪ. ಹಾಂ, ಅಷ್ಟೇ. ಉಸಿರು ಬಿಡಿ ಮಾರಾಯ್ರೇ, ನೀವು ಕೂತದ್ದು ಫೋಟೋಕ್ಕೆ, ನೀರಲ್ಲಿ ಮುಳುಗ್ಲಿಕ್ಕೆ ಅಲ್ಲ."

ಯಾರಾದರೂ ಚಂದ ಕಾಣಲೆಂದು ನಕ್ಕರೆ ಬಾಯಮ್ಮ ಕ್ಯಾಮೆರಾದಿಂದ ತಲೆ ಎತ್ತುತ್ತಿದ್ದರು. "ವೀಸಾಕ್ಕೆ ನಗು ಆಗುದಿಲ್ಲ. ಮೊದಲ ಸಂಬಳ ಬಂದ ಮೇಲೆ ಅಲ್ಲೇ ನಗಿ."

ನಮ್ಮ ಕಡೆ ಸ್ವಲ್ಪ ವಯಸ್ಸಾದ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಘಟ್ಟದ ಮೇಲಿನವರು ಕೇಳಿದರೆ ಬಾಯಿ ಜೋರಿನವರು ಎಂದು ತಿಳಿದಾರು. ಈ ಒಬ್ಬರ ಮಟ್ಟಿಗೆ ಅದೂ ತಪ್ಪಲ್ಲ.

ನಾನು ಹೊಳೆಯಾಚೆಯ ಬೆಂಗ್ರೆಯವಳು. ಅಪ್ಪ ಬೋಟಿಗೆ ಹೋಗುತ್ತಾರೆ, ಅಮ್ಮ ಮೀನು ಮಾರುತ್ತಾರೆ, ನಾನು ಬೈಕಂಪಾಡಿಯ ಗೋಡೌನ್ ಒಂದರಲ್ಲಿ ಬಿಲ್ಲಿಂಗ್ ಮಾಡುತ್ತೇನೆ. ಫೋಟೋಗ್ರಫಿ ನನಗೆ ಯಾರೂ ಕಲಿಸಿದ್ದಲ್ಲ. ಫೆರಿಯಲ್ಲಿ ಹೋಗುತ್ತಾ ಬರುತ್ತಾ ಫೋನಿನಲ್ಲಿ ವೀಡಿಯೋ ನೋಡಿ ನೋಡಿ ಕಲಿತದ್ದು. ಆಮೇಲೆ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಬಂತು, ಇನ್‌ಸ್ಟಾಗ್ರಾಮಿನಲ್ಲಿ ಒಂದು ಪೇಜ್ ಆಯಿತು, ಪೇಜಿಗೆ ಜನ ಬಂದರು, ನನಗೆ ಸ್ವಲ್ಪ ಅಹಂಕಾರವೂ ಬಂತು. ಮೀನಿನ ಬೋಟು ನಿಲ್ಲುವ ಬಂದರಿನ ಧಕ್ಕೆಯಲ್ಲಿ ಬೆಳಗಿನ ಹೊತ್ತು ತೆಗೆದ, ಮೀನು ಹೊತ್ತವನೊಬ್ಬನ ಫೋಟೋಕ್ಕೆ ತುಂಬಾ ಲೈಕು ಬಿದ್ದಿತ್ತು. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸೋಣವೆಂದು ಮೊದಲ ಸಲ ಬಾಯಮ್ಮನ ಸ್ಟುಡಿಯೋಗೆ ಹೋದೆ. ಅವರು ಕನ್ನಡಕ ಹಾಕಿ ನೋಡಿದರು. ಕನ್ನಡಕ ತೆಗೆದು ನೋಡಿದರು.

"ಇದ್ರಲ್ಲಿ ಮನುಷ್ಯ ಯಾರು, ಬಂಗುಡೆ ಯಾರು?"

"ಅದು ಸಿಲೂಯೆಟ್, ಬಾಯಮ್ಮ. ಮುಖ ಕಾಣ್ಬಾರದು ಅಂತಲೇ ತೆಗ್ದದ್ದು."

"ಮುಖ ಕಾಣ್ಬಾರದು ಅಂತ ಇದ್ರೆ ಫೋಟೋ ಎಂತಕ್ಕೆ? ಅವ ಸಾಲ ಮಾಡಿ ಓಡಿಹೋದವನಾ?"

ಸಿಟ್ಟು ಬಂದು ಹೊರಟುಬಂದೆ. ಮುಂದಿನ ಭಾನುವಾರ ಮತ್ತೆ ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಒಂದೇ ಉತ್ತರ. ಹೊಟ್ಟೆಕಿಚ್ಚು.

ನಿಜ ಹೇಳುತ್ತೇನೆ. ಬಾಯಮ್ಮನ ಜೊತೆ ಸಿಟಿ ಬಸ್ಸಿನಲ್ಲಿ ಹೋದರೆ ಸೀಟು ಬಿಟ್ಟು ಏಳುವವರು ಇದ್ದರು. "ಬಾಯಮ್ಮ, ನನ್ನ ಗುರ್ತ ಉಂಟಾ? ನನ್ನ ಮಸ್ಕತ್ತಿನ ಫೋಟೋ ನೀವೇ ತೆಗ್ದದ್ದು." ಬ್ಯಾರಿ ಮುಸ್ಲಿಮರ ಅಂಗಡಿಗೆ ಹೋದರೆ ಒಳಗಿಂದ ಶರಬತ್ತು ಬರುತ್ತಿತ್ತು, ಮಗನ ವೀಸಾ ಫೋಟೋ ಒಂದೇ ಸಲಕ್ಕೆ ಪಾಸಾಯಿತೆಂದು. ಬಿಕರ್ನಕಟ್ಟೆಯಲ್ಲಿ ಬಾಲಯೇಸುವಿಗೆ ಮೊಂಬತ್ತಿ ಹಚ್ಚಲು ಹೋದರೆ ಸಾಲಿನಲ್ಲಿ ನಿಂತವರು ದೇವರನ್ನು ಬಿಟ್ಟು ಇವರನ್ನು ಮಾತಾಡಿಸುತ್ತಿದ್ದರು. ನನ್ನ ಪೇಜಿಗೆ ಅಷ್ಟು ಜನ ಇದ್ದರೂ ಬಸ್ಸಿನಲ್ಲಿ ನನ್ನನ್ನು ಗುರುತು ಹಿಡಿಯುತ್ತಿದ್ದದ್ದು ಕಂಡಕ್ಟರ್ ಮಾತ್ರ, ಅದೂ ಚಿಲ್ಲರೆ ಇಲ್ಲದವಳೆಂದು. ಬಿಳಿ ಗೋಡೆಯ ಎದುರು ಕೂರಿಸಿ ಒಂದೇ ತರದ ಫೋಟೋ ತೆಗೆಯುವ ಈ ಹೆಂಗಸಿನಲ್ಲಿ ಜನ ಏನು ಕಂಡರು? ಅದನ್ನು ಪತ್ತೆ ಮಾಡಲೆಂದೇ ಪ್ರತಿ ಭಾನುವಾರ ಹೋಗಿ ಸ್ಟುಡಿಯೋ ಗುಡಿಸಿ, ಲೈಟಿನ ಕೊಡೆ ಒರೆಸಿ, ಗಿರಾಕಿಗಳಿಗೆ ಬಾಚಣಿಗೆ ಕೊಡುತ್ತಾ ನಿಲ್ಲತೊಡಗಿದೆ.

ಅವರಿಗೆ ಎಲ್ಲ ಗೊತ್ತಾಗುತ್ತಿತ್ತು. "ನಿನಗೆ ಹೊಟ್ಟೆಕಿಚ್ಚು ಉಂಟು," ಎಂದರು ಒಂದು ದಿನ, ಹವಾಮಾನ ಹೇಳುವ ಹಾಗೆ. "ಇರ್ಲಿ. ಅದು ಇಲ್ಲದವರು ನೆಂಟರ ಮದುವೆಯಲ್ಲಿ ಫ್ರೀಯಾಗಿ ವೀಡಿಯೋ ಮಾಡ್ತಾರೆ, ಅಷ್ಟೇ."

ಇನ್ನೊಂದು ಅಭ್ಯಾಸ ಹೇಳಬೇಕು. ನಾವಿಬ್ಬರೂ ಹೊರಗೆ ತುಳುವಿನಲ್ಲಿ ಮಾತಾಡುವವರು. ಆದರೆ ಸ್ಟುಡಿಯೋದ ಹೊಸ್ತಿಲು ದಾಟಿದರೆ ಬಾಯಮ್ಮ ಕನ್ನಡ ಬಿಟ್ಟು ಬೇರೆ ಆಡುತ್ತಿರಲಿಲ್ಲ. "ಈ ಫೋಟೋ ಎಲ್ಲ ಸರಕಾರಕ್ಕೆ ಹೋಗುದಲ್ವಾ? ಕನ್ನಡ ಮಾತಾಡು." ಕ್ಯಾಮೆರಾ ಹಿಡಿದರೆ ಅದು ಎಲ್ಲಿದ್ದರೂ ಸ್ಟುಡಿಯೋವೇ ಎಂದು ಅವರ ಲೆಕ್ಕ. ಹಾಗಾಗಿ ಆಮೇಲೆ ಆಫ್ರಿಕಾದಲ್ಲಿಯೂ ಅವರು ನನ್ನನ್ನು ಬೈದದ್ದೆಲ್ಲ ಕನ್ನಡದಲ್ಲಿ.

ಆಫ್ರಿಕಾದ ವಿಷಯಕ್ಕೆ ಬಂದೆ. ಬಾಯಮ್ಮನ ತಂಗಿ ಕನ್ಯಾಸ್ತ್ರೀ. ತಾಂಜಾನಿಯಾದ ಒಂದು ಸಣ್ಣ ಊರಿನಲ್ಲಿ ಅನಾಥ ಮಕ್ಕಳ ಮನೆ ನೋಡಿಕೊಳ್ಳುತ್ತಾರೆ. ರಜೆಗೆ ಊರಿಗೆ ಬಂದಿದ್ದಾಗ ಸ್ಟುಡಿಯೋದ ಬೆಂಚಿನ ಮೇಲೆ ಕುಳಿತು, ಗೋಡೆ ತುಂಬ ನೇತು ಹಾಕಿದ್ದ ಮೊದಲ ಕೊಮುನ್ಯಾಂವಿನ, ಎಂದರೆ ಮೊದಲ ಪರಮಪ್ರಸಾದದ, ಮಕ್ಕಳ ಫೋಟೋಗಳನ್ನು ನೋಡುತ್ತಾ ಸಿಸ್ಟರ್ ಹೇಳಿದರು: "ನಮ್ಮ ಮಕ್ಕಳಿಗೆ ತಮ್ಮದು ಅಂತ ಒಂದು ಫೋಟೋ ಇಲ್ಲ. ಬಂದ ಅತಿಥಿಗಳು ತೆಗೀತಾರೆ, ಅವರ ಫೋನಲ್ಲೇ ತೆಗೊಂಡು ಹೋಗ್ತಾರೆ."

ಬಾಯಮ್ಮ ನೆಗೆಟಿವ್ ಕವರ್ ಜೋಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ನಾನು ಬರ್ತೇನೆ. ಇವಳೂ ಬರ್ತಾಳೆ."

ಮನೆಯಲ್ಲಿ ಅಮ್ಮ ಒಪ್ಪಲಿಲ್ಲ. ಬಾಯಮ್ಮನೇ ಫೆರಿ ಹತ್ತಿ ಬೆಂಗ್ರೆಗೆ ಬಂದರು. ಅಮ್ಮ ನೇರವಾಗಿಯೇ ಕೇಳಿದರು: "ಅಲ್ಲಿ ಇಗರ್ಜಿಯವರು ಇವಳನ್ನು ಅಲ್ಲೇ ಇಟ್ಕೊಂಡ್ರೆ ಎಂತ ಮಾಡುದು, ಬಾಯಮ್ಮ?"

"ಇವಳು ಊಟ ಮಾಡುದು ನೋಡಿದ್ಮೇಲೆ ಯಾರೂ ಇಟ್ಕೊಳ್ಳುದಿಲ್ಲ ಅಕ್ಕಾ."

ಅಮ್ಮ ನಕ್ಕುಬಿಟ್ಟರು. ಅಲ್ಲಿಗೆ ಆಯಿತು.

ವೀಸಾಕ್ಕೆ ಬಾಯಮ್ಮನ ಹೊಸ ಫೋಟೋ ಬೇಕಿತ್ತು. ಹಿಂದಿನದ್ದು ಅವರ ಗಂಡ ತೆಗೆದದ್ದು, ಗಂಡ ತೀರಿಹೋಗಿ ತುಂಬ ವರ್ಷವಾಗಿತ್ತು. ಬೇರೆ ಸ್ಟುಡಿಯೋಗೆ ಹೋಗುವುದು ಸಾಧ್ಯವೇ? ಬಾಯಮ್ಮ ತಮ್ಮದೇ ಸ್ಟೂಲಿನ ಮೇಲೆ ಕುಳಿತು, ಸೀರೆಯ ಪಿನ್ನು ಸರಿಮಾಡಿ, "ತೆಗಿ" ಎಂದರು. ನಾನು ಕ್ಯಾಮೆರಾದ ಹಿಂದೆ ನಿಂತು, ಅವರ ಧಾಟಿಯಲ್ಲಿಯೇ, "ಗದ್ದ ಸ್ವಲ್ಪ ಕೆಳಗೆ" ಎಂದೆ. ಅವರು ತೀರಾ ಕೆಳಗೆ ತಂದರು. "ಅಷ್ಟು ಬೇಡ" ಎಂದೆ. ತೀರಾ ಮೇಲೆ ಹೋಯಿತು.

"ಅಲ್ಲಿಂದ ಕೂಗಿದ್ರೆ ನನಗೆ ಎಂತ ಗೊತ್ತಾಗ್ತದೆ? ಕಾಗೆ ಓಡಿಸ್ತಿದ್ದೀಯಾ? ಬಾ ಇಲ್ಲಿ. ಮುಟ್ಟು."

ನನಗೆ ಕೈ ಬರಲಿಲ್ಲ. ಹಿರಿಯರ ಮುಖ ಹೇಗೆ ಮುಟ್ಟುವುದು? ಅವರು ನನ್ನ ಕೈ ಎಳೆದು ಎರಡು ಬೆರಳನ್ನು ತಮ್ಮ ಗದ್ದದ ಅಡಿಗೆ ತಾವೇ ಇಟ್ಟುಕೊಂಡರು.

"ನಿನ್ನ ಕೈ ಬಿಸಿ. ಪರ್ವಾಗಿಲ್ಲ. ಮುಟ್ಟದೆ ಯಾವ ಗದ್ದವೂ ಸರಿ ಆಗುದಿಲ್ಲ ಮಾರಾಯ್ತಿ. ಎಲ್ಲರಿಗೂ ತಮ್ಮ ಮುಖ ಎಲ್ಲಿ ಉಂಟು ಅಂತ ಗೊತ್ತಿರುದಿಲ್ಲ."

ಆ ಫೋಟೋ ಒಂದೇ ಸಲಕ್ಕೆ ಪಾಸಾಯಿತು. ಅವರು ಹೊಗಳಲಿಲ್ಲ. "ಮೂಗಿನ ಮೇಲೆ ಬೆಳಕು ಜಾಸ್ತಿ" ಎಂದರು.

ಮಕ್ಕಳ ಮನೆಯ ಗೇಟಿನೊಳಗೆ ಕಾಲಿಟ್ಟ ಕೂಡಲೇ ಒಂದು ಎಡವಟ್ಟಾಯಿತು. ಒಂದಷ್ಟು ಮಕ್ಕಳು ಓಡಿಬಂದು ನನ್ನನ್ನು ಸುತ್ತುವರಿದು "ದಾದಾ! ದಾದಾ!" ಎಂದು ಕೂಗಿದವು. ತುಳುವಿನಲ್ಲಿ ದಾದ ಎಂದರೆ ಏನು ಎಂದು ಕೇಳುವುದು. ಸಿಸ್ಟರ್ ಇವರಿಗೆ ತುಳು ಕಲಿಸಿದ್ದಾರೆ ಎಂದು ನನಗೆ ಖುಷಿಯೋ ಖುಷಿ. "ದಾಲ ಇಜ್ಜಿ," ಏನೂ ಇಲ್ಲ, ಎಂದು ಉತ್ತರ ಕೊಟ್ಟೆ. ಮತ್ತೆ "ದಾದಾ!" ಮತ್ತೆ "ದಾಲ ಇಜ್ಜಿ ಮಾರಾಯ್ರೇ!" ಸಿಸ್ಟರ್ ಹೊಟ್ಟೆ ಹಿಡಿದು ನಗುತ್ತಿದ್ದರು. ಅವರ ಸ್ವಾಹಿಲಿ ಭಾಷೆಯಲ್ಲಿ ದಾದಾ ಎಂದರೆ ಅಕ್ಕ. ಬಾಯಮ್ಮನನ್ನು ಅವರು ಬಿಬಿ ಎಂದರು, ಎಂದರೆ ಅಜ್ಜಿ.

"ನೋಡು," ಎಂದರು ಬಾಯಮ್ಮ, "ಬಂದು ಕಾಲು ತೊಳೀಲಿಲ್ಲ, ನನಗೆ ಇಲ್ಲಿಯೂ ಮೊಮ್ಮಕ್ಕಳಾದ್ರು. ನಿನಗೆ ಎಂತ ಉಂಟು ಅಂತ ಕೇಳಿದ್ರೆ, ದಾಲ ಇಜ್ಜಿ!"

ಹೊಟ್ಟೆಕಿಚ್ಚಿನ ಎರಡನೇ ಅಧ್ಯಾಯ ಅಲ್ಲಿ ಸುರುವಾಯಿತು.

ಸಿಸ್ಟರ್ ಮೊದಲೇ ಒಂದು ಕಟ್ಟುನಿಟ್ಟು ಹಾಕಿದರು. ಮಕ್ಕಳ ಒಂದೇ ಒಂದು ಫೋಟೋ ಇಂಟರ್ನೆಟ್ಟಿಗೆ ಹೋಗಬಾರದು. ತೆಗೆದದ್ದೆಲ್ಲ ಮಕ್ಕಳಿಗೆ. ನಾವು ಹೊತ್ತುಕೊಂಡು ಹೋಗಿದ್ದ ಪುಟ್ಟ ಪ್ರಿಂಟರಿಗೆ ಕಾಗದ ಕಡಿಮೆ ಇತ್ತು, ಆದ್ದರಿಂದ ಒಂದು ಮಗುವಿಗೆ ಒಂದು ಪ್ರಿಂಟ್. ಬಾಯಮ್ಮನೂ ತೆಗೆಯುತ್ತಾರೆ, ನಾನೂ ತೆಗೆಯುತ್ತೇನೆ, ಕೊನೆಗೆ ಎರಡನ್ನೂ ನೋಡಿ ಯಾವುದು ಬೇಕೆಂದು ಮಗುವೇ ಹೇಳಬೇಕು. ಪೇಜಿಗೆ ಹಾಕುವ ಹಾಗಿಲ್ಲ ಎಂದಮೇಲೆ ನನಗೆ ಸಿಗಬಹುದಾದ ಲೈಕು ಎಂದರೆ ಈ ಮಕ್ಕಳದ್ದು ಮಾತ್ರ. ನನಗೆ ಅದು ಬೇಕೇ ಬೇಕಿತ್ತು.

ಬಾಯಮ್ಮ ಬಟ್ಟೆ ಒಣಹಾಕುವ ಹಗ್ಗಕ್ಕೆ ಬಿಳಿ ಬೆಡ್‌ಶೀಟು ಕಟ್ಟಿ, ಎದುರಿಗೆ ಒಂದು ಮರದ ಸ್ಟೂಲು ಇಟ್ಟರು. ಫಳ್ನೀರೇ ಅಲ್ಲಿಗೆ ಬಂದ ಹಾಗಾಯಿತು.

"ಬಾಯಮ್ಮ, ಇಲ್ಲಿ ಇಷ್ಟು ಚಂದದ ಕೆಂಪು ಮಣ್ಣು ಉಂಟು, ಮರ ಉಂಟು, ಆಕಾಶ ಉಂಟು. ಅದೆಲ್ಲ ಬಿಟ್ಟು ಬೆಡ್‌ಶೀಟಾ?"

"ಹಿಂದೆ ಎಂತದೂ ಬೇಡ. ಈ ಮಕ್ಕಳಿಗೆ ಹಿಂದೆ ಇದ್ದದ್ದು ಸಾಕು. ಮುಖ ಕಂಡ್ರೆ ಆಯ್ತು."

ನಾನು ಓಡಿದೆ, ಮಲಗಿದೆ, ಮರ ಹತ್ತಿದೆ. ಚೆಂಡಿನ ಹಿಂದೆ ಹಾರುವ ಕಾಲುಗಳು, ಪ್ರಾರ್ಥನೆಯ ಹೊತ್ತಿಗೆ ಕಿಟಕಿಯ ಬೆಳಕಿನಲ್ಲಿ ಅರ್ಧ ಮುಖ, ಸಂಜೆಯ ಸೂರ್ಯನೆದುರು ಕಪ್ಪಾಗಿ ನಿಂತ ಹುಡುಗರು. ಇವತ್ತಿಗೂ ಹೇಳುತ್ತೇನೆ, ಅದಕ್ಕಿಂತ ಒಳ್ಳೆಯ ಫೋಟೋ ನಾನು ತೆಗೆದಿಲ್ಲ. ಅತ್ತ ಬಿಳಿ ಶೀಟಿನ ಎದುರು ಉದ್ದ ಸಾಲು. ಮಕ್ಕಳು ಅಂಗಿಯ ಮೇಲಿನ ಗುಂಡಿ ಹಾಕಿ, ಮುಖ ತೊಳೆದು, ಒಬ್ಬರ ಹಿಂದೆ ಒಬ್ಬರು. ಬಾಯಮ್ಮನಿಗೆ ಅವರ ಭಾಷೆ ಬಾರದು, ಅವರಿಗೆ ಬಾಯಮ್ಮನದ್ದು ಬಾರದು. ಆದರೂ "ಗದ್ದ ಸ್ವಲ್ಪ ಕೆಳಗೆ" ಎಂಬ ಕನ್ನಡ ಕೇಳಿಬರುತ್ತಲೇ ಇತ್ತು, ಬೆರಳು ತಾಗಿದ ಮಗು ತಣ್ಣಗೆಂದು ಕಿಲಕಿಲ ಎನ್ನುತ್ತಿತ್ತು. ನಾನು ಮರದ ಮೇಲಿಂದ, "ಬಾಯಮ್ಮ, ನಗು ಆಗ್ತದಾ?" ಎಂದು ಕೆಣಕಿದೆ.

"ಇಲ್ಲಿ ವೀಸಾ ಇಲ್ಲ. ನಗ್ಲಿ. ನೀನು ಬೀಳ್ಬೇಡ."

ಆಯ್ಕೆಯ ದಿನ ಊಟದ ಹಾಲ್‌ನಲ್ಲಿ ಲ್ಯಾಪ್‌ಟಾಪ್ ಇಟ್ಟೆವು. ಮೊದಲು ಬಂದ ಹುಡುಗ ಬರಾಕಾ, ಚೂಟಿ. ನನ್ನ ಕಿಟಕಿ ಬೆಳಕಿನ ಫೋಟೋ ನೋಡಿ ಸಿಸ್ಟರಿಗೆ ಏನೋ ಕೇಳಿದ. ಸಿಸ್ಟರ್ ತುಟಿ ಕಚ್ಚಿಕೊಂಡು ನನ್ನ ಕಡೆ ತಿರುಗಿದರು. "ಅವನ ಇನ್ನೊಂದು ಕಿವಿ ಎಲ್ಲಿ ಅಂತ ಕೇಳ್ತಾನೆ."

ಬಾಯಮ್ಮನ ಫೋಟೋದಲ್ಲಿ ಎರಡೂ ಕಿವಿ ಇದ್ದವು. ಬರಾಕಾ ಅದನ್ನೇ ತೆಗೆದುಕೊಂಡ. ಎರಡನೆಯವಳೂ. ಮೂರನೆಯವನೂ. ಸಂಜೆಯ ಸೂರ್ಯನ ಹುಡುಗರಲ್ಲಿ ಕಪ್ಪು ಆಕೃತಿ ಯಾರದ್ದು ಎಂದು ಜಗಳವೇ ಆಯಿತು, ಕೊನೆಗೆ ಯಾರಿಗೂ ಅದು ಬೇಡವಾಯಿತು. ಬಾಯಮ್ಮ ಪ್ರತಿ ಪ್ರಿಂಟಿಗೂ ಗಾಳಿ ಹಾಕಿ ಒಣಗಿಸಿ ಕೊಡುತ್ತಾ, ನನ್ನ ಮುಖ ನೋಡದೆ, ಆದರೆ ನನಗೆ ಕೇಳುವಷ್ಟು ಜೋರಾಗಿ, "ಪಾಪ, ಮರ ಹತ್ತಿದ್ದು ದಂಡ" ಎಂದರು. ನನಗೆ ಅಳು ಬರುವುದೊಂದು ಬಾಕಿ.

ಆಗ ನೀಮಾ ಬಂದಳು. ಸಣ್ಣ ಹುಡುಗಿ, ಮಾತು ಕಡಿಮೆ. ಎರಡೂ ಫೋಟೋ ನೋಡಿದಳು. ಎರಡಕ್ಕೂ ತಲೆಯಾಡಿಸಲಿಲ್ಲ. ತಾನೇ ಕೈ ಚಾಚಿ ಲ್ಯಾಪ್‌ಟಾಪಿನ ಬಾಣದ ಗುಂಡಿ ಒತ್ತುತ್ತಾ ಹೋದಳು. ಒಂದು ಕಡೆ ನಿಲ್ಲಿಸಿದಳು.

"ಹೀ."

"ಇದಂತೆ," ಎಂದರು ಸಿಸ್ಟರ್.

ಅದು ನಾನು ಬೆಳಕು ಪರೀಕ್ಷೆ ಮಾಡಲೆಂದು ಬಾಯಮ್ಮ ಕೆಲಸ ಮಾಡುತ್ತಿದ್ದಾಗ ಬದಿಯಿಂದ ಒತ್ತಿದ ಫೋಟೋ. ಬೆಡ್‌ಶೀಟಿನ ಅಂಚು, ಬಟ್ಟೆಯ ಕ್ಲಿಪ್ಪು, ನೆಲ ಒರೆಸುವ ಬಕೆಟ್, ಯಾರದೋ ಕಾಲು ಎಲ್ಲ ಬಂದಿತ್ತು. ನಡುವೆ ಸ್ಟೂಲಿನ ಮೇಲೆ ನೀಮಾ, ಅವಳ ಗದ್ದದ ಅಡಿಯಲ್ಲಿ ಬಾಯಮ್ಮನ ಎರಡು ಬೆರಳು, ಬಾಯಮ್ಮನ ಅರ್ಧ ಮುಖ. ನಮ್ಮಿಬ್ಬರ ಲೆಕ್ಕದಲ್ಲೂ ಹಾಳಾದ ಫೋಟೋ.

"ಅದೆಂತ, ಅದ್ರಲ್ಲಿ ಬಕೆಟ್ ಉಂಟು!" ಎಂದರು ಬಾಯಮ್ಮ.

ಸಿಸ್ಟರ್ ಯಾಕೆಂದು ಕೇಳಿದರು. ನೀಮಾ ತನ್ನದೇ ಎರಡು ಬೆರಳನ್ನು ತನ್ನ ಗದ್ದದ ಅಡಿಗೆ ಇಟ್ಟು ತೋರಿಸಿದಳು. ಆಮೇಲೆ ಬಾಯಮ್ಮನನ್ನು ತೋರಿಸಿದಳು.

ಕೂಡಲೇ ಹಾಲ್ ತುಂಬ ಗದ್ದಲ ಎದ್ದಿತು. ಸಾಲಿನಲ್ಲಿ ನಿಂತವರಿಗೆಲ್ಲ ಅಂಥದ್ದೇ ಬೇಕು. ಆಗಲೇ ಪ್ರಿಂಟ್ ತೆಗೆದುಕೊಂಡು ಹೋದವರು ಓಡಿಬಂದು ಬಾಯಮ್ಮನ ಕೈಗೆ ವಾಪಸು ತುರುಕತೊಡಗಿದರು. ಎರಡು ಕಿವಿ ಬೇಕೆಂದ ಬರಾಕಾ ಎಲ್ಲರಿಗಿಂತ ಮುಂದೆ.

ಬಾಯಮ್ಮ ಆ ಪ್ರಿಂಟುಗಳನ್ನು ಹಿಡಿದುಕೊಂಡು ನಿಂತಿದ್ದರು. ಅವರ ಮುಖ ನೋಡಿ ನನಗೆ ಮೊದಲ ಸಲ ಗೊತ್ತಾಯಿತು, ಹೊಟ್ಟೆಕಿಚ್ಚು ನನಗೊಬ್ಬಳಿಗೇ ಇರುವುದಲ್ಲ ಎಂದು.

ಮರುದಿನ ಬೆಡ್‌ಶೀಟು ಮಡಿಚಿದೆವು. ಬಾಯಮ್ಮ ಜಗಲಿಯಲ್ಲಿ ಕುರ್ಚಿ ಹಾಕಿ ಕುಳಿತರು. ಒಂದೊಂದೇ ಮಗು ಬಂದು ಎದುರಿಗೆ ನಿಂತಿತು, ಅವರು ಗದ್ದ ಹಿಡಿದರು, ನಾನು ಬದಿಯಿಂದ ತೆಗೆದೆ. "ನನ್ನನ್ನು ಇಲ್ಲಿಗೆ ಕರ್ಕೊಂಡು ಬಂದದ್ದು ಫೋಟೋ ತೆಗೀಲಿಕ್ಕಾ, ಫೋಟೋದಲ್ಲಿ ಕೂರ್ಲಿಕ್ಕಾ?" ಎಂದು ಗೊಣಗುತ್ತಲೇ ಇದ್ದರು. ಆದರೆ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು, ಪೌಡರ್ ಹಾಕಿ ಬಂದದ್ದು ನಾನು ನೋಡಿದ್ದೆ.

ಕಾಗದ ಮುಗಿದಿತ್ತು. ಉಳಿದದ್ದನ್ನು ಊರಿನಿಂದ ಕಳಿಸುವುದೆಂದಾಯಿತು. ಮಂಗಳೂರಿಗೆ ಬಂದ ಮೇಲೆ ಫಳ್ನೀರಿನ ಸ್ಟುಡಿಯೋದಲ್ಲಿ ಕುಳಿತು ಇಬ್ಬರೂ ಪ್ರಿಂಟ್ ಹಾಕಿದೆವು. ಒಂದೊಂದು ಫೋಟೋ ಹೊರಬರುವಾಗಲೂ ಬಾಯಮ್ಮ ಮೂಗು ಮುರಿಯುತ್ತಿದ್ದರು.

"ಎಲ್ಲದ್ರಲ್ಲೂ ನನ್ನದು ಅರ್ಧ ಮೂತಿ. ನನ್ನ ಇನ್ನೊಂದು ಕಿವಿ ಎಲ್ಲಿ?"

"ನಿಮಗೇನು ಬಾಯಮ್ಮ, ಅಷ್ಟೂ ಮಕ್ಕಳ ಪೆಟ್ಟಿಗೆಯಲ್ಲಿ ನೀವೇ ಇರುದು. ತೆಗ್ದವಳು ನಾನು. ನನ್ನ ಹೆಸರು ಅಲ್ಲಿ ಯಾರಿಗುಂಟು?"

"ಹೆಸರು ಬೇಕಂತೆ! ನನ್ನ ಫೋಟೋ ಬೇಡ, ನಿನ್ನದೇ ಬೇಕು ಅಂದ್ರಲ್ಲ, ಅದು ಸಾಲದಾ?"

"ನನ್ನದಲ್ಲ ಅವರಿಗೆ ಬೇಕಾದ್ದು. ನಿಮ್ಮ ಕೈ."

"ಕೈ ನನ್ನದು, ಕಣ್ಣು ನಿನ್ನದು. ಈಗ ಬಾಯಿ ಮುಚ್ಚಿ ಕತ್ತರಿ ತೆಗಿ."

ಹೀಗೆ ಒಬ್ಬರ ಮೇಲೊಬ್ಬರು ಉರಿಯುತ್ತಾ, ಫೋಟೋಗಳ ಅಂಚು ಕತ್ತರಿಸುತ್ತಾ ಇಡೀ ಭಾನುವಾರ ಕುಳಿತಿದ್ದೆವು. ನನ್ನ ಬದುಕಿನಲ್ಲಿ ಅಷ್ಟು ಸುಖದ ದಿನ ಬೇರೆ ಇಲ್ಲ.

ಈ ವರ್ಷದ ಮಳೆಗಾಲ ಸುರುವಾಗುವ ಮೊದಲು ಬಾಯಮ್ಮ ತೀರಿಹೋದರು. ಸ್ಟುಡಿಯೋದ ಶಟರ್ ಎಳೆದು ಮನೆಗೆ ಹೋಗಿ, ಚಹಾಕ್ಕೆ ನೀರಿಟ್ಟು, ಕುರ್ಚಿಯಲ್ಲಿ ಕುಳಿತವರು ಮತ್ತೆ ಏಳಲಿಲ್ಲ. ಮಗ ಕುವೈತಿನಿಂದ ಬಂದರು. ಶವಪೆಟ್ಟಿಗೆಯ ಪಕ್ಕ ಇಡಲು ಫೋಟೋ ಹುಡುಕಿದರೆ, ಊರಿಗೆಲ್ಲ ಫೋಟೋ ತೆಗೆದವರ ಮನೆಯಲ್ಲಿ ಅವರದ್ದೇ ಒಂದು ನೆಟ್ಟಗಿನದ್ದು ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಆ ವೀಸಾ ಫೋಟೋ. ದೊಡ್ಡದು ಮಾಡಿ ಚೌಕಟ್ಟು ಹಾಕಿಸಿದರು.

"ಇದು ಯಾವ ಸ್ಟುಡಿಯೋದ್ದು? ಅಮ್ಮ ತುಂಬ ಸ್ಟ್ರಿಕ್ಟ್ ಕಾಣ್ತಾರೆ," ಎಂದರು ಮಗ ಯಾರಿಗೋ. ನಾನು ಹತ್ತಿರವೇ ಇದ್ದೆ, ಹೇಳಲಿಲ್ಲ. ಮೂಗಿನ ಮೇಲೆ ಬೆಳಕು ಜಾಸ್ತಿಯೇ ಇತ್ತು. ಗದ್ದ ಮಾತ್ರ ಸರಿಯಾಗಿತ್ತು.

ಇಗರ್ಜಿಯಲ್ಲಿ ಮುಂದಿನ ಬೆಂಚಿನಲ್ಲಿ ಮೊಮ್ಮಕ್ಕಳು ಕುಳಿತಿದ್ದರು. ಕುವೈತಿನಲ್ಲಿ ಬೆಳೆದವರು. ಬಂದವರೆಲ್ಲ ಅವರ ಬಳಿ ಹೋಗಿ ತಲೆ ಸವರಿ, ಕೈ ಹಿಡಿದು ಸಮಾಧಾನ ಹೇಳುತ್ತಿದ್ದರು. ನಾನು ಹಿಂದೆ, ಬಾಗಿಲಿನ ಹತ್ತಿರ, ಕ್ಯಾಮೆರಾ ಹಿಡಿದು ನಿಂತಿದ್ದೆ. ಫೋಟೋ ತೆಗೆಯಲು ಕರೆದದ್ದು ಎಂದು ಎಲ್ಲರೂ ತಿಳಿದಿರಬೇಕು, ಯಾರೂ ಮಾತಾಡಿಸಲಿಲ್ಲ. ಆ ಬೆಂಚು ನೋಡಿ ನನ್ನ ಹೊಟ್ಟೆಯೊಳಗೆ ಏನಾಯಿತೆಂದು ಬರೆದರೆ ಚಂದವಿಲ್ಲ. ಬಾಯಮ್ಮನೊಬ್ಬರಿಗೆ ಗೊತ್ತಾಗುತ್ತಿತ್ತು.

ಮನೆಗೆ ಹೋಗುವ ಫೆರಿಯಲ್ಲಿ ಫೋನ್ ನೋಡಿದರೆ ತಾಂಜಾನಿಯಾದಿಂದ ಸಿಸ್ಟರ್ ಕಳಿಸಿದ ವಾಯ್ಸ್ ಮೆಸೇಜು. ಒತ್ತಿದೆ. ಮಕ್ಕಳ ಧ್ವನಿ, ಎಲ್ಲರೂ ಒಟ್ಟಿಗೆ: "ಪೋಲೆ, ದಾದಾ." ಮತ್ತೆ ಒಬ್ಬೊಬ್ಬರೇ. ಬರಾಕಾನದ್ದು ಗುರುತು ಸಿಕ್ಕಿತು. ಕೊನೆಗೆ ತುಂಬ ಸಣ್ಣ ಧ್ವನಿಯಲ್ಲಿ, ಮಾತು ಕಡಿಮೆಯವಳು: "ಪೋಲೆ, ದಾದಾ."

ದಾದ? ಎಂದು ಬಾಯಿಗೆ ಬಂದೇ ಬಂತು. ಏನು?

ಅದರ ಹಿಂದೆಯೇ ಸಿಸ್ಟರ್ ಅವರ ಮಾತು. "ಪೋಲೆ ಅಂದ್ರೆ ದುಃಖದಲ್ಲಿದ್ದವರಿಗೆ ಹೇಳುದು, ಮನೆಯವರು ತೀರಿಹೋದಾಗ್ಲೂ. ನೀನು ಬಿಬಿಯ ಮೊಮ್ಮಗಳು ಅಂತ ಇವರು ಮೊದಲಿಂದಲೂ ತಿಳ್ಕೊಂಡದ್ದು. ನಾನು ತಿದ್ಲಿಕ್ಕೆ ಹೋಗ್ಲಿಲ್ಲ."

ನಾನೂ ತಿದ್ದಲಿಲ್ಲ.